ಊರಿಗೆ ಹೋಗುವ ಹಕ್ಕು: ವಲಸೆ ಕಾರ್ಮಿಕರೂ ಕಾರ್ಮಿಕ ಸಂಘಗಳೂ

ಮೂಲಭೂತ ಹಕ್ಕುಗಳ ಪಾಠದಲ್ಲಿ 23ನೇ ವಿಧಿ ಬಂದಾಗ ತರಗತಿ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಸಮಾನತೆ, ವಾಕ್ ಸ್ವಾತಂತ್ರ್ಯ, ಧಾರ್ಮಿಕ ಸ್ವಾತಂತ್ರ್ಯ ಎಂದರೆ ಎಲ್ಲರಿಗೂ ಹೇಳಲು ಏನಾದರೂ ಇರುತ್ತದೆ. ಬಲವಂತದ ದುಡಿಮೆಯ ನಿಷೇಧ ಎಂದರೆ ಮಾತ್ರ ಅದು ಹಳೆಯ ಜೀತದ ಕಥೆ, ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಎಂದುಕೊಳ್ಳುತ್ತೀರಿ. ಈ ಸಲ ನಾನು ವಲಸೆ ಕಾರ್ಮಿಕರ ಉದಾಹರಣೆ ಕೊಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳಿದ: "ಮೇಡಂ, ನಮ್ಮಪ್ಪ ಸೆಂಟ್ರಿಂಗ್ ಕೆಲಸ ಮಾಡ್ತಾರೆ. ಬಿಹಾರ, ಬಂಗಾಳದೋರು ಬಂದ ಮೇಲೆ ಕೂಲಿ ಏರ್ಲೇ ಇಲ್ಲ ಅಂತಾರೆ. ಹಂಗಿದ್ರೂ ಯೂನಿಯನ್‌ನೋರು ಅವರ ಪರ ಯಾಕೆ ಕೋರ್ಟಿಗೆ ಹೋಗ್ತಾರೆ?"

ಗಂಟೆ ಹೊಡೆಯಿತು. ಐದು ನಿಮಿಷದಲ್ಲಿ ಮುಗಿಸುವ ಉತ್ತರವೂ ಅದಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದದ ವಿಚಾರ. ಕನ್ನಡದಲ್ಲಿ 'ವಲಸೆ' ಎಂಬ ಒಂದೇ ಪದ ರಾಯಚೂರಿನಿಂದ ಬೆಂಗಳೂರಿಗೆ ಬಂದವರಿಗೂ ಒಡಿಶಾದಿಂದ ಬಂದವರಿಗೂ ನಮ್ಮೂರಿನಿಂದ ದಮ್ಮಾಮಿಗೆ ಹೋದವರಿಗೂ ಸಲ್ಲುತ್ತದೆ. ಕಾನೂನಿನ ಕಣ್ಣಿಗೆ ಇವರು ಬೇರೆ ಬೇರೆ. ಸಂವಿಧಾನದ 19ನೇ ವಿಧಿ ಭಾರತದ ಪ್ರಜೆ ದೇಶದ ಯಾವ ಭಾಗಕ್ಕಾದರೂ ಹೋಗಬಹುದು, ಎಲ್ಲಿಯಾದರೂ ನೆಲೆಸಬಹುದು, ಯಾವುದೇ ವೃತ್ತಿ ಮಾಡಬಹುದು ಎನ್ನುತ್ತದೆ. ಆದ್ದರಿಂದ ಕೋಣನಕುಂಟೆ ಕ್ರಾಸಿನಲ್ಲಿ ಇಳಿಯುವ ಬಿಹಾರದ ಹುಡುಗನಿಗೆ ವೀಸಾ ಬೇಡ. ಆದರೆ ಇಲ್ಲಿ ಅವನಿಗೆ ಪಡಿತರ ಚೀಟಿ ಇಲ್ಲ, ಮತವಿಲ್ಲ, ಭಾಷೆ ಬಾರದು, ಪೊಲೀಸ್ ಠಾಣೆಯಲ್ಲಿ ಪರಿಚಯದವರಿಲ್ಲ. ಸ್ವಂತ ದೇಶದಲ್ಲೇ ಅರ್ಧ ಪರದೇಶಿ. ಮೇಸ್ತ್ರಿ ಹೇಳಿದ್ದೇ ಅವನಿಗೆ ಕಾನೂನು.

ನಮ್ಮ ಸುತ್ತಲೇ ನೋಡಿ. ನಿಮ್ಮಲ್ಲಿ ಅರ್ಧದಷ್ಟು ಜನ ಹಸಿರು ಮಾರ್ಗದ ಮೆಟ್ರೋದಲ್ಲಿ ಬರುತ್ತೀರಿ. ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗಿನ ಸುಮಾರು 6 ಕಿಲೋಮೀಟರಿನ ಆ ಭಾಗ, ನಮ್ಮ ಕೋಣನಕುಂಟೆ ಕ್ರಾಸ್ ನಿಲ್ದಾಣವೂ ಸೇರಿ, ಸಂಚಾರಕ್ಕೆ ತೆರೆದದ್ದು 2021ರ ಜನವರಿಯಲ್ಲಿ. ಅಂದರೆ ಅದರ ಕೊನೆಯ ಹಂತದ ಕೆಲಸ ನಡೆದದ್ದು ಕೊರೊನಾ ವರ್ಷದಲ್ಲಿ. ಕನಕಪುರ ರಸ್ತೆಯ ಎರಡೂ ಬದಿಯ ಅಪಾರ್ಟ್‌ಮೆಂಟುಗಳೂ ಹೀಗೇ ಎದ್ದವು. ಕಟ್ಟಿದವರು ಎಲ್ಲಿಯವರು ಎಂದು ಕೇಳಿದರೆ ಉತ್ತರ ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಒಡಿಶಾ, ಜೊತೆಗೆ ನಮ್ಮದೇ ಕಲಬುರಗಿ, ಯಾದಗಿರಿ, ರಾಯಚೂರು.

ಈಗ ಆ ವರ್ಷದ ಮೇ ತಿಂಗಳಿಗೆ ಬರೋಣ. ನೀವಾಗ ಪ್ರಾಥಮಿಕ ಶಾಲೆಯಲ್ಲಿದ್ದಿರಿ, ನೆನಪಿರುವುದು ಮೊಬೈಲಿನ ಪಾಠ ಮಾತ್ರ ಇರಬಹುದು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಕಟ್ಟಡದ ಕೆಲಸ ನಿಂತಿತು, ಬಹಳ ಕಡೆ ಹಿಂದಿನ ಕೂಲಿಯೂ ಬಾಕಿ ಉಳಿಯಿತು. ಮೇ 1ರಿಂದ ಕೇಂದ್ರ ಸರ್ಕಾರ ಶ್ರಮಿಕ್ ರೈಲುಗಳನ್ನು ಬಿಡಲು ಒಪ್ಪಿತು. ಎರಡು ದಿನಗಳಲ್ಲಿ ಬೆಂಗಳೂರಿನ ಹೊರವಲಯದ ಚಿಕ್ಕಬಾಣಾವರ ಮತ್ತು ಮಾಲೂರಿನಿಂದ ರೈಲು ಹೊರಡತೊಡಗಿದವು. ಗಂಟುಮೂಟೆ ಹೊತ್ತು ಸಾವಿರಾರು ಜನ ಹೊರಟರು.

ಮೇ 5ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಬಿಲ್ಡರುಗಳ ಪ್ರತಿನಿಧಿಗಳ ಜೊತೆ ಸಭೆ ನಡೆಸಿದರು. ಅದೇ ದಿನ ರಾಜ್ಯದ ನೋಡಲ್ ಅಧಿಕಾರಿಯಿಂದ ನೈರುತ್ಯ ರೈಲ್ವೆಗೆ ಪತ್ರ ಹೋಯಿತು: ನಾಳೆಯಿಂದ ರೈಲುಗಳು ಬೇಕಾಗಿಲ್ಲ. ಕಟ್ಟಡ ಕೆಲಸಗಳು ಮತ್ತೆ ಶುರುವಾಗುತ್ತಿವೆ, ಕಾರ್ಮಿಕರು ಇಲ್ಲೇ ಇರಲಿ ಎಂಬುದು ಸರ್ಕಾರದ ಮಾತಾಗಿತ್ತು. ಮರುದಿನ 1,610 ಕೋಟಿ ರೂಪಾಯಿಯ ಪರಿಹಾರ ಪ್ಯಾಕೇಜ್ ಪ್ರಕಟವಾಯಿತು. ಅದರಲ್ಲಿ ನೋಂದಾಯಿತ 15.8 ಲಕ್ಷ ಕಟ್ಟಡ ಕಾರ್ಮಿಕರಿಗೆ ಮೊದಲು ಹೇಳಿದ್ದ 2,000 ರೂಪಾಯಿಯ ಜೊತೆಗೆ ಇನ್ನೂ 3,000 ಸೇರಿಸಲಾಗಿತ್ತು.

ಈ ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿ. ಹಣ ಕೊಟ್ಟದ್ದು ಒಳ್ಳೆಯದೇ. ಆದರೆ ಅದು ಸಿಗುವುದು ಮಂಡಳಿಯಲ್ಲಿ ಹೆಸರಿದ್ದವರಿಗೆ. ಹೆಸರಿಲ್ಲದ ವಲಸಿಗನಿಗೆ ಅಂದು ಸರ್ಕಾರದಿಂದ ತುರ್ತಾಗಿ ಬೇಕಿದ್ದದ್ದು ಒಂದು ರೈಲು, ಅದನ್ನೇ ರದ್ದು ಮಾಡಲಾಯಿತು. ಕೋಲಿಲ್ಲ, ಸರಪಳಿಯಿಲ್ಲ, ಸಾಲಪತ್ರವಿಲ್ಲ. ಆದರೂ ಊರಿಗೆ ಹೋಗಬೇಕೆಂದವನು ಹೋಗುವ ಹಾಗಿಲ್ಲ, ಕೆಲಸಕ್ಕೆ ಮರಳಬೇಕು. 23ನೇ ವಿಧಿ ಹಳೆಯ ಕಥೆಯಲ್ಲ ಎಂದು ನಾನು ತರಗತಿಯಲ್ಲಿ ಹೇಳಿದ್ದು ಇದಕ್ಕೇ.

ಕಾರ್ಮಿಕ ಸಂಘಟನೆಗಳೂ ನಾಗರಿಕ ಹಕ್ಕುಗಳ ಸಂಘಟನೆಗಳೂ ಇದನ್ನು ಜೀತಕ್ಕೆ ಹೋಲಿಸಿ ಖಂಡಿಸಿದವು. ಎಐಸಿಸಿಟಿಯು ಎಂಬ ಕೇಂದ್ರೀಯ ಕಾರ್ಮಿಕ ಸಂಘಟನೆ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಸುದ್ದಿ ದೇಶದಾದ್ಯಂತ ಹರಡಿ ಒಂದೆರಡು ದಿನಗಳಲ್ಲೇ ಸರ್ಕಾರ ನಿರ್ಧಾರ ಬದಲಿಸಿತು, ಮೇ 8ರಿಂದ ರೈಲುಗಳು ಮತ್ತೆ ಹೊರಟವು. ಆಗ ಟಿಕೆಟ್ಟಿನ ಪ್ರಶ್ನೆ ಎದ್ದಿತು. ಒಂದೂವರೆ ತಿಂಗಳು ಕೂಲಿಯಿಲ್ಲದವನ ಕೈಯಲ್ಲಿ ಬಿಹಾರದವರೆಗಿನ ದುಡ್ಡು ಎಲ್ಲಿಂದ ಬರಬೇಕು? ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರಿದ್ದ ಪೀಠ, ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಯಾವ ವಲಸೆ ಕಾರ್ಮಿಕನಿಗೂ ಊರಿಗೆ ಹೋಗುವ ಅವಕಾಶ ತಪ್ಪಬಾರದು ಎಂಬ ನಿಲುವು ತಳೆದು ಸರ್ಕಾರವನ್ನು ಪ್ರಶ್ನಿಸಿತು. ಅದೇ ತಿಂಗಳ ಕೊನೆಯ ವಾರಗಳಲ್ಲಿ ಪ್ರಯಾಣದ ಖರ್ಚು ಹೊರಲು ರಾಜ್ಯ ಸರ್ಕಾರ ಒಪ್ಪಿತು.

ಆ ತಿಂಗಳು ಇನ್ನೊಂದೂ ಆಯಿತು. ಮೇ 22ರಂದು ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದೆಂದು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿತು. ಕಾರ್ಮಿಕ ಸಂಘದವರು ಅದನ್ನೂ ಪ್ರಶ್ನಿಸಿದರು. ನ್ಯಾಯಾಲಯದಲ್ಲಿ ಸಮರ್ಥಿಸಿಕೊಳ್ಳುವುದು ಕಷ್ಟವಾಗಿ ಜೂನ್ 11ರಂದು ಸರ್ಕಾರ ಅದನ್ನು ಹಿಂಪಡೆಯಿತು. ಗಮನಿಸಿ: ರೈಲಿನ ಪ್ರಕರಣ ವಲಸಿಗರದು, ಗಂಟೆಯ ಪ್ರಕರಣ ಪೀಣ್ಯದ ಕನ್ನಡಿಗ ಕಾರ್ಮಿಕನದೂ ಹೌದು. ಒಂದೇ ತಿಂಗಳು, ಒಂದೇ ನ್ಯಾಯಾಲಯ.

ಈಗ ಆ ಹುಡುಗನ ಪ್ರಶ್ನೆ. ಅವನ ತಂದೆ ಹೇಳಿದ್ದು ಸುಳ್ಳಲ್ಲ. ಕೆಲಸ ಅಷ್ಟೇ ಇದ್ದು ಕೈಗಳು ಹೆಚ್ಚಾದರೆ ಕೂಲಿಯ ಮೇಲೆ ಒತ್ತಡ ಬೀಳುತ್ತದೆ, ಇದು ಅರ್ಥಶಾಸ್ತ್ರದ ಮೊದಲ ಪಾಠ. ಆದರೆ ಎರಡನೆಯ ಪಾಠವೂ ಇದೆ. ಸುಮ್ಮನೆ ಲೆಕ್ಕಕ್ಕೆಂದು ಅಂಕಿ ಇಟ್ಟುಕೊಳ್ಳೋಣ. ಸ್ಥಳೀಯ ಸೆಂಟ್ರಿಂಗ್ ಕೆಲಸಗಾರ ದಿನಕ್ಕೆ 900 ರೂಪಾಯಿ ಕೇಳುತ್ತಾನೆ. ಶೆಡ್ಡಿನಲ್ಲಿರುವ ವಲಸಿಗನಿಗೆ ಗುತ್ತಿಗೆದಾರ 600 ಕೊಡುತ್ತಾನೆ. ಈ 300ರ ಅಂತರ ಎಲ್ಲಿಂದ ಬಂತು? ವಲಸಿಗನಿಗೆ ಹಸಿವು ಕಡಿಮೆಯೇ? ಅವನ ಊರಿನ ಮಕ್ಕಳಿಗೆ ಫೀಸು ಇಲ್ಲವೇ? ಅವನು 900 ಕೇಳಲಾರ, ಅಷ್ಟೇ. ಕೇಳಿದರೆ ಮಲಗುವ ಶೆಡ್ಡು ಹೋಗುತ್ತದೆ, ಬಾಕಿ ಕೂಲಿ ಹೋಗುತ್ತದೆ, ದೂರು ಕೊಡಲು ಯಾರ ಭಾಷೆಯಲ್ಲಿ ಮಾತಾಡಬೇಕೋ ಗೊತ್ತಿಲ್ಲ. ಆ 300 ರೂಪಾಯಿ ಅವನ ನಿಸ್ಸಹಾಯಕತೆಯ ಬೆಲೆ, ಅದು ಗುತ್ತಿಗೆದಾರನ ಜೇಬಿಗೆ ಹೋಗುತ್ತದೆ. ಅವನನ್ನು ಓಡಿಸಿದರೆ ಗುತ್ತಿಗೆದಾರ ಇನ್ನೂ ನಿಸ್ಸಹಾಯಕನಾದ ಮತ್ತೊಬ್ಬನನ್ನು ಹುಡುಕುತ್ತಾನೆ. ಅವನಿಗೂ 900 ಕೇಳುವ ಶಕ್ತಿ ಬಂದರೆ ಮಾತ್ರ ನಿಮ್ಮ ತಂದೆಯ 900 ಉಳಿಯುತ್ತದೆ. ಯೂನಿಯನ್‌ನವರು ಕೋರ್ಟಿಗೆ ಹೋದದ್ದರಲ್ಲಿ ಕರುಣೆಯೂ ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರಲ್ಲಿ ಒಂದು ಲೆಕ್ಕವೂ ಇದೆ.

ಕೇಳುವ ಆ ಶಕ್ತಿಯ ಬೇರು ಯಾವುದು? "ಹಾಗಾದರೆ ನಾನು ಬರಲ್ಲ, ಹೋಗ್ತೀನಿ" ಎನ್ನುವ ಸ್ವಾತಂತ್ರ್ಯ. ಮುಷ್ಕರ ಎಂದರೂ ಅದೇ, ಒಬ್ಬನ ಬದಲು ನೂರು ಜನ ಒಟ್ಟಾಗಿ ಹೇಳುವುದು. ಹೋಗುವ ದಾರಿ ಮುಚ್ಚಿದರೆ ಚೌಕಾಸಿಯೇ ಇಲ್ಲ.

ಇದು ನಮ್ಮ ಕಾಲೇಜಿನ ಬಹಳ ಮನೆಗಳಿಗೆ ಬೇರೊಂದು ಹೆಸರಿನಲ್ಲಿ ಗೊತ್ತು: ಕಫಾಲಾ. ನನ್ನ ಮಾಮೂ ಹನ್ನೊಂದು ವರ್ಷ ದಮ್ಮಾಮಿನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದರು. ಪಾಸ್‌ಪೋರ್ಟ್ ಕಫೀಲನ ಬಳಿ. ನನ್ನ ನಾನಿ ತೀರಿಕೊಂಡಾಗ ಅವರಿಗೆ ರಜೆ ಇತ್ತು, ಟಿಕೆಟ್ಟಿಗೆ ದುಡ್ಡೂ ಇತ್ತು, ದೇಶ ಬಿಡಲು ಬೇಕಾದ ಮಾಲೀಕನ ಒಪ್ಪಿಗೆ ಮಾತ್ರ ಇರಲಿಲ್ಲ. ಮಣ್ಣಿಗೆ ಅವರು ಬರಲಾಗಲಿಲ್ಲ. ಚಿಕ್ಕಬಾಣಾವರದ ರೈಲು ರದ್ದಾದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಮಾಮೂ. ದಮ್ಮಾಮಿನಲ್ಲಿ ಆದರೆ ಅನ್ಯಾಯ, ಬೆಂಗಳೂರಿನಲ್ಲಿ ಆದರೆ ಅಭಿವೃದ್ಧಿಯ ಅಗತ್ಯ ಎನ್ನುವುದು ಹೇಗೆ?

ಸೌದಿಯಲ್ಲಿ ವಲಸೆ ಕಾರ್ಮಿಕರು ಸಂಘ ಕಟ್ಟುವ ಹಾಗಿಲ್ಲ. ಕತಾರಿನಲ್ಲೂ ಅವರಿಗೆ ಆ ಅವಕಾಶವಿಲ್ಲ. ಹಾಗಾದರೆ ಅಲ್ಲಿ ಬದಲಾವಣೆ ಹೇಗೆ ಬಂತು? ಹೊರಗಿನ ಸಂಘಗಳು ಮಾತೆತ್ತಿದವು. 2014ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮ್ಮೇಳನ ನಡೆದಾಗ ಕಾರ್ಮಿಕ ಪ್ರತಿನಿಧಿಗಳು ಕತಾರ್ ವಿರುದ್ಧ ದೂರು ದಾಖಲಿಸಿದರು. ವಿಶ್ವಕಪ್ ಫುಟ್‌ಬಾಲಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು, ಜಗತ್ತಿನ ಕಣ್ಣು ಅಲ್ಲಿತ್ತು. ಕಟ್ಟಡ ಕಾರ್ಮಿಕರ ಜಾಗತಿಕ ಒಕ್ಕೂಟ 2016ರಲ್ಲಿ ವಿಶ್ವಕಪ್ಪಿನ ಆಯೋಜಕರ ಜೊತೆ ಒಪ್ಪಂದ ಮಾಡಿಕೊಂಡು ಕೆಲಸದ ಜಾಗಗಳ ಜಂಟಿ ತಪಾಸಣೆಗೆ ಇಳಿಯಿತು. ಕತಾರ್ 2018ರಲ್ಲಿ ಹೆಚ್ಚಿನ ಕಾರ್ಮಿಕರಿಗೆ ದೇಶ ಬಿಡಲು ಬೇಕಿದ್ದ ಅನುಮತಿಯನ್ನೂ 2020ರಲ್ಲಿ ಕೆಲಸ ಬದಲಿಸಲು ಬೇಕಿದ್ದ ಮಾಲೀಕನ ಒಪ್ಪಿಗೆಯನ್ನೂ ತೆಗೆದುಹಾಕಿತು. ಸೌದಿಯೂ 2021ರ ಮಾರ್ಚಿನಿಂದ ಖಾಸಗಿ ವಲಯದ ಬಹಳಷ್ಟು ಕಾರ್ಮಿಕರಿಗೆ ನಿಯಮ ಸಡಿಲಿಸಿತು. ಮನೆಗೆಲಸದವರು, ಮನೆಯ ಡ್ರೈವರುಗಳು ಅದರಿಂದ ಹೊರಗೆ ಉಳಿದರು. ಕಾಗದದ ಮೇಲಿನ ಬದಲಾವಣೆ ಎಲ್ಲರ ಬಾಗಿಲಿಗೂ ಬಂದಿಲ್ಲ ಎಂಬುದು ಅಲ್ಲಿ ಸಂಬಂಧಿಕರಿರುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕಾರ್ಮಿಕ ಸಂಘಗಳೆಲ್ಲ ಹುಟ್ಟಿದಾಗಿನಿಂದಲೂ ವಲಸಿಗರ ಪರ ಎಂದು ತಿಳಿಯಬೇಡಿ. ಅಮೆರಿಕದ ಎಎಫ್‌ಎಲ್ ಎಂಬ ದೊಡ್ಡ ಒಕ್ಕೂಟದ ನಾಯಕ ಸ್ಯಾಮ್ಯುಯೆಲ್ ಗಾಂಪರ್ಸ್ ತಾನೇ ಲಂಡನ್ನಿನಲ್ಲಿ ಹುಟ್ಟಿ ವಲಸೆ ಹೋದವನು. ಆದರೂ ಚೀನೀ ಕಾರ್ಮಿಕರು ಅಮೆರಿಕಕ್ಕೆ ಬರಬಾರದೆಂಬ ಕಾನೂನಿನ ಕಟ್ಟಾ ಬೆಂಬಲಿಗ. 1986ರಲ್ಲಿ ದಾಖಲೆಯಿಲ್ಲದವರಿಗೆ ಗೊತ್ತಿದ್ದೂ ಕೆಲಸ ಕೊಡುವ ಮಾಲೀಕರಿಗೆ ದಂಡ ಹಾಕುವ ಕಾನೂನು ಬಂದಾಗ ಅದೇ ಒಕ್ಕೂಟದ ಮುಂದುವರಿಕೆಯಾದ ಎಎಫ್‌ಎಲ್-ಸಿಐಒ ಬೆಂಬಲಿಸಿತು. ಆದದ್ದೇ ಬೇರೆ. ದಾಖಲೆಯಿಲ್ಲದವರು ಸಂಘ ಕಟ್ಟಲು ಹೊರಟರೆ ಮಾಲೀಕರು ಆ ಕಾನೂನನ್ನೇ ತೋರಿಸಿ ಬೆದರಿಸತೊಡಗಿದರು. ಹದಿನಾಲ್ಕು ವರ್ಷ ಇದನ್ನು ಕಂಡ ಮೇಲೆ, 2000ದ ಫೆಬ್ರವರಿಯಲ್ಲಿ ಒಕ್ಕೂಟ ತನ್ನ ನಿಲುವನ್ನು ತಲೆಕೆಳಗು ಮಾಡಿತು: ಆ ದಂಡದ ವ್ಯವಸ್ಥೆ ಹೋಗಲಿ, ದಾಖಲೆಯಿಲ್ಲದೆ ದುಡಿಯುತ್ತಿರುವವರಿಗೆ ಕಾನೂನಿನ ಮಾನ್ಯತೆ ಸಿಗಲಿ. ವಲಸಿಗನ ಹೆದರಿಕೆ ಮಾಲೀಕನ ಆಯುಧ ಎಂಬುದು ಅವರಿಗೆ ಅನುಭವದಿಂದಲೇ ತಿಳಿದದ್ದು.

ಹೆದರಿಕೆಯ ಆಯುಧ ನಮ್ಮ ಊರಿಗೂ ಹೊಸದಲ್ಲ. 2020ರ ಜನವರಿಯಲ್ಲಿ, ಕೊರೊನಾಗೂ ಮುಂಚೆ, ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ನೂರಾರು ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿರುವವರು ಬಾಂಗ್ಲಾದೇಶದವರು ಎಂಬ ಮಾತು ಅದಕ್ಕೂ ಮೊದಲು ಹಬ್ಬಿತ್ತು. ಅಲ್ಲಿ ವಾಸವಿದ್ದವರಲ್ಲಿ ಉತ್ತರ ಕರ್ನಾಟಕದವರೂ ಅಸ್ಸಾಂ, ತ್ರಿಪುರಾದವರೂ ಇದ್ದರು, ಆಧಾರ್, ಮತದಾರರ ಚೀಟಿ ಹಿಡಿದು ನಿಂತರು. ಪಿಯುಸಿಎಲ್ ಸಲ್ಲಿಸಿದ ಅರ್ಜಿಯ ಮೇಲೆ ಹೈಕೋರ್ಟ್ ತೆರವಿಗೆ ತಡೆ ಕೊಟ್ಟಿತು. ಆದರೆ ಅಷ್ಟರಲ್ಲಿ ಮನೆಗಳು ನೆಲಸಮವಾಗಿದ್ದವು.

"ಮೊದಲು ನಮ್ಮವರಿಗೆ ಕೆಲಸ" ಎಂಬ ಮಾತನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ. ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ಕನ್ನಡಿಗರಿಗೆ ಉದ್ಯೋಗ ಎಂಬುದು ನ್ಯಾಯವಾದ ಬೇಡಿಕೆ ಎಂದೇ ನಾನು ನಂಬಿದ್ದೇನೆ. 2024ರ ಜುಲೈಯಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ವಿರೋಧ ಬಂದೊಡನೆ ಎರಡೇ ದಿನದಲ್ಲಿ ತಡೆಹಿಡಿಯಿತು. ನನ್ನ ತಕರಾರು ಇಷ್ಟೇ: ಈ ಚರ್ಚೆಯಲ್ಲಿ ಐಟಿ ಕಚೇರಿಯ ಕುರ್ಚಿಗಳ ಲೆಕ್ಕವೇ ಬಂತು. 600 ರೂಪಾಯಿಯ ಶೆಡ್ಡಿನ ಕೆಲಸದಲ್ಲಿ ಮೀಸಲಾತಿ ಬೇಕೆಂದು ಯಾರೂ ಕೇಳಲಿಲ್ಲ. ಆ ಕೆಲಸ ಕನ್ನಡಿಗನಿಗೂ ಮಾಡುವಂತಾಗಬೇಕಾದರೆ ಅಲ್ಲಿನ ಕೂಲಿ, ಹೆಲ್ಮೆಟ್ಟು, ಶೌಚಾಲಯ ಸರಿಯಾಗಬೇಕು. ಅದಕ್ಕೆ ಹೋರಾಡಬೇಕಾದವರು ಸದ್ಯ ಅಲ್ಲಿರುವ ವಲಸಿಗರೇ.

ಕಾನೂನು ಏನು ಹೇಳುತ್ತದೆ? ಒಡಿಶಾದಲ್ಲಿ ಮುಂಗಡ ಕೊಟ್ಟು ಜನರನ್ನು ದೂರದ ಕೆಲಸಕ್ಕೆ ಸಾಗಿಸುವ 'ದಾದನ್' ಎಂಬ ಪದ್ಧತಿಯ ಶೋಷಣೆ ಬೆಳಕಿಗೆ ಬಂದ ಮೇಲೆ 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಫೋಟೊ ಇರುವ ಪಾಸ್‌ಬುಕ್, ಅದೇ ಕೆಲಸ ಮಾಡುವ ಇತರರಷ್ಟೇ ಕೂಲಿ, ಊರು ಬಿಟ್ಟದ್ದಕ್ಕೆ ಸ್ಥಳಾಂತರ ಭತ್ಯೆ, ಹೋಗಿ ಬರುವ ಪ್ರಯಾಣ ಭತ್ಯೆ, ವಸತಿ, ಚಿಕಿತ್ಸೆ, ಎಲ್ಲವೂ ಅದರಲ್ಲಿತ್ತು. ಬಹಳ ಒಳ್ಳೆಯ ಕಾಯ್ದೆ, ಬಹಳ ಕಡಿಮೆ ಜಾರಿಯಾದ ಕಾಯ್ದೆ. ಗುತ್ತಿಗೆದಾರನ ಮೂಲಕ ಬಂದವರಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಹಾಗಾಗಿ "ಇವನು ತಾನಾಗಿಯೇ ಬಂದವನು" ಎಂದುಬಿಟ್ಟರೆ ಮುಗಿಯಿತು.

1982ರಲ್ಲಿ ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡಗಳನ್ನು ಕಟ್ಟಿದವರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಒಂದು ದೊಡ್ಡ ಮಾತು ಹೇಳಿತು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು 23ನೇ ವಿಧಿಯ ಬಲವಂತದ ದುಡಿಮೆಯೇ, ಏಕೆಂದರೆ ಹಸಿವೂ ಬಡತನವೂ ಒಂದು ಬಲವೇ. ಎರಡು ಅಂಕದ ಉತ್ತರಕ್ಕೆ ಈ ಪ್ರಕರಣ ಸೇರಿಸಿ ಬರೆಯಿರಿ.

ಕೊರೊನಾದ ನಂತರ, 2021ರ ಜೂನ್ 29ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಒಂದು ದೇಶ ಒಂದು ಪಡಿತರ ಚೀಟಿ ಯೋಜನೆ ಜಾರಿ ಮಾಡಬೇಕೆಂದೂ ಅಸಂಘಟಿತ ಕಾರ್ಮಿಕರ ನೋಂದಣಿ ವ್ಯವಸ್ಥೆ ಸಿದ್ಧವಾಗಬೇಕೆಂದೂ ಗಡುವು ಹಾಕಿತು. ಆ ಆಗಸ್ಟಿನಲ್ಲಿ ಇ-ಶ್ರಮ್ ಬಂತು. ಈಗ 1979ರ ಕಾಯ್ದೆಯೇ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಕರಗಿಹೋಗಿದೆ. ಲಾಭವೂ ಇದೆ, ನಷ್ಟವೂ ಇದೆ. ತಾನಾಗಿ ಬಂದವನೂ ಈಗ ವಲಸೆ ಕಾರ್ಮಿಕನೇ, ವರ್ಷಕ್ಕೊಮ್ಮೆ ಊರಿಗೆ ಹೋಗುವ ಭತ್ಯೆ ಉಂಟು. ಆದರೆ ಹಿಂದೆ 5 ವಲಸೆ ಕಾರ್ಮಿಕರಿದ್ದರೆ ಅನ್ವಯಿಸುತ್ತಿದ್ದ ರಕ್ಷಣೆಗೆ ಈಗ 10 ಜನ ಬೇಕು, ಸ್ಥಳಾಂತರ ಭತ್ಯೆ ಹೋಯಿತು. ಕೇಂದ್ರೀಯ ಕಾರ್ಮಿಕ ಸಂಘಟನೆಗಳಲ್ಲಿ ಹೆಚ್ಚಿನವು ಈ ಸಂಹಿತೆಗಳನ್ನು ವಿರೋಧಿಸುತ್ತಿವೆ.

ಸಂಘಗಳನ್ನು ಹೊಗಳಿಯೇ ಮುಗಿಸಿದರೆ ಪಾಠ ಪೂರ್ತಿಯಾಗದು. ಬೆಂಗಳೂರಿನ ವಲಸೆ ಕಟ್ಟಡ ಕಾರ್ಮಿಕರಲ್ಲಿ ಬಹುಪಾಲು ಜನ ಯಾವ ಸಂಘದಲ್ಲೂ ಇಲ್ಲ. ಭಾಷೆ ಒಂದು ಅಡ್ಡಿ, ಆರು ತಿಂಗಳಿಗೊಮ್ಮೆ ಜಾಗ ಬದಲಾಗುವುದು ಇನ್ನೊಂದು, ಲೇಬರ್ ಕ್ಯಾಂಪಿನ ಗೇಟು ಮತ್ತೊಂದು. ನಮ್ಮ ಸಂಘಗಳ ಕರಪತ್ರ ಕನ್ನಡದಲ್ಲಿ, ಸಭೆಯೂ ಕನ್ನಡದಲ್ಲಿ. ಹಿಂದಿ, ಬಂಗಾಳಿ, ಒಡಿಯಾ ಬಲ್ಲ ಕಾರ್ಯಕರ್ತರು ಬೆರಳೆಣಿಕೆಯಷ್ಟು. ಆದರೂ ಒಂದು ಸಣ್ಣ ಬಾಗಿಲಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ವಯಸ್ಸು 18ರಿಂದ 60ರೊಳಗಿರಬೇಕು. ಗುತ್ತಿಗೆದಾರ ಆ ಪತ್ರ ಕೊಡಲು ಹಿಂಜರಿಯುತ್ತಾನೆ, ಕೊಟ್ಟರೆ ಇವನು ತನ್ನ ಕೆಲಸಗಾರನೆಂದು ಒಪ್ಪಿಕೊಂಡಂತೆ. ನಮ್ಮ ರಾಜ್ಯದ ನಿಯಮದಲ್ಲಿ ನೋಂದಾಯಿತ ಕಾರ್ಮಿಕ ಸಂಘವೂ ಅದನ್ನು ಕೊಡಬಹುದೆಂದು ಇರುವುದರಿಂದ ಎಷ್ಟೋ ಜನರ ಹೆಸರು ಮಂಡಳಿಗೆ ಸೇರಿದೆ. ಕಟ್ಟಡದ ವೆಚ್ಚದ ಶೇಕಡಾ 1ರಷ್ಟು ಸೆಸ್ ಆ ಮಂಡಳಿಗೆ ಬರುತ್ತದೆ. ಕನಕಪುರ ರಸ್ತೆಯ ಪ್ರತಿ ದೊಡ್ಡ ಕಟ್ಟಡವೂ ಅದಕ್ಕೆ ದುಡ್ಡು ಕಟ್ಟಬೇಕಾದದ್ದೇ. ಆ ಕಟ್ಟಡ ಕಟ್ಟಿದವನ ಹೆಸರು ಅಲ್ಲಿ ಇದೆಯೇ ಎಂಬುದು ಬೇರೆ ಪ್ರಶ್ನೆ.

ಆಸಕ್ತಿಯಿರುವವರಿಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಬೀದಿಯಲ್ಲಿ ಕಟ್ಟಡ ಏಳುತ್ತಿದ್ದರೆ ಸಂಜೆ ಕೆಲಸ ಬಿಟ್ಟ ಮೇಲೆ ಒಬ್ಬರನ್ನು ಮಾತಾಡಿಸಿ. ಉರ್ದು, ಹಿಂದಿ ಬಲ್ಲ ನಿಮಗೆ ಇದು ಸುಲಭ, ಇತರ ಕಾಲೇಜಿನವರಿಗೆ ಇಲ್ಲದ ಅನುಕೂಲ. ನಾಲ್ಕು ವಿಷಯ ಕೇಳಿ: ಕೂಲಿ ಯಾರ ಕೈಯಿಂದ ಬರುತ್ತದೆ, ಎಷ್ಟು ದಿನದ್ದು ಬಾಕಿ ಇದೆ, ಪಡಿತರ ಯಾವ ರಾಜ್ಯದಲ್ಲಿದೆ, ನಾಳೆ ಊರಿಗೆ ಹೋಗಬೇಕೆಂದರೆ ಯಾರನ್ನು ಕೇಳಬೇಕು. ಅವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಬೇಡಿ, ಫೋಟೊ ತೆಗೆಯಬೇಡಿ. 90 ದಿನದ ಪತ್ರದ ವಿಷಯ ಅವರಿಗೆ ಗೊತ್ತಿಲ್ಲದಿದ್ದರೆ ಹೇಳಿ. ಬರೆದದ್ದನ್ನು ಮುಂದಿನ ಗುರುವಾರದೊಳಗೆ ಸ್ಟಾಫ್ ರೂಮಿಗೆ ತನ್ನಿ.